ರಾತ್ರಿಯ ಅಂಗಿ, ನಲವತ್ತೊಂದು ಚುಕ್ಕಿ

೪ ಅಕ್ಟೋಬರ್ ೨೦೦೬, ಬುಧವಾರ

ಈ ನೋಟುಬುಕ್ಕು ಯಾರಿಗೂ ತೋರಿಸುವುದಕ್ಕಲ್ಲ. ಬರೆಯದಿದ್ದರೆ ಇವತ್ತು ತಲೆ ಸಿಡಿದುಹೋಗುತ್ತದೆ, ಅದಕ್ಕೆ ಬರೆಯುತ್ತಿದ್ದೇನೆ.

ಮಧ್ಯಾಹ್ನ ಹುನ್ನೂರಿನ ಇನಾಮದಾರರ ವಾಡೆಯಿಂದ ಅಂಗಡಿಗೆ ಫೋನು ಬಂತು. ಬನಹಟ್ಟಿಯಲ್ಲಿ ನಾನು ವೇಷಭೂಷಣದ ಅಂಗಡಿ ತೆಗೆದು ಹತ್ತೊಂಬತ್ತು ವರ್ಷವಾಯಿತು. ನಾಟಕದವರಿಗೆ ರಾಜನ ನಿಲುವಂಗಿ, ಶಾಲೆಯ ಮಕ್ಕಳಿಗೆ ಹುಲಿ, ಪೊಲೀಸು, ಸೈನಿಕ, ಏನು ಬೇಕಾದರೂ ಹೊಲಿದು ಬಾಡಿಗೆಗೆ ಕೊಡುತ್ತೇನೆ. ಆದರೆ ವಾಡೆಯವರಿಗೆ ನನ್ನಿಂದ ಏನು ಬೇಕಾಯಿತೋ ಎಂದುಕೊಂಡೆ. ಮಾತಾಡಿದವನು ಅರುಣ ಎಂಬ ಹುಡುಗ, ಪುಣೆಯ ಯಾವುದೋ ಹೋಟೆಲ್ ಕಂಪನಿಯ ಮ್ಯಾನೇಜರು. ಇನಾಮದಾರರ ಆ ದೊಡ್ಡ ಮನೆ ಈಗ ಹೋಟೆಲಾಗುತ್ತದಂತೆ. ಡಿಸೆಂಬರ್ ಇಪ್ಪತ್ನಾಲ್ಕಕ್ಕೆ ಉದ್ಘಾಟನೆ. ಅವತ್ತು ನೂರು ವರ್ಷದ ಹಿಂದೆ ಇಂಗ್ಲಿಷ್ ದೊರೆಗಳು ವೇಷ ಹಾಕಿ ಕುಣಿದ ಹಾಗೆಯೇ ಫ್ಯಾನ್ಸಿ ಡ್ರೆಸ್ ಬಾಲ್ ನಡೆಸುತ್ತಾರಂತೆ. ಹಳೆಯ ವೇಷಗಳು ಟ್ರಂಕಿನಲ್ಲಿವೆ, ಅವುಗಳಂತೆಯೇ ಹೊಸದು ಹೊಲಿಯಬೇಕು.

“ಬಾಯಿಸಾಹೇಬ್ರು ನಿಮ್ಮ ಹೆಸರನ ಹೇಳ್ಯಾರ್ರಿ,” ಎಂದ.

ಆ ಟ್ರಂಕು ನನಗೆ ಗೊತ್ತು. ಅದನ್ನು ಬರೆದೇ ಬಿಡುತ್ತೇನೆ.

೧೯೬೮ರ ದಸರೆ ಮುಗಿದ ಮೂರನೇ ದಿನ. ನನಗೆ ಒಂಬತ್ತು ವರ್ಷ. ನಮ್ಮವ್ವ ಮುತ್ತವ್ವ ವಾಡೆಯ ಹೊಲಿಗೆಯವಳು. ವರ್ಷಕ್ಕೊಮ್ಮೆ ಆ ಟ್ರಂಕು ತೆರೆದು, ಬಟ್ಟೆಗಳನ್ನು ಬಿಸಿಲಿಗೆ ಹಾಕಿ, ಬೇವಿನ ಎಲೆ ಇಟ್ಟು ಮತ್ತೆ ಮಡಿಚುವುದು ಅವಳ ಕೆಲಸ. ಜರಿ, ಮಣಿ ಮುಟ್ಟುವ ಹೆಂಗಸರು ಸಂಜೆ ಹೊರಡುವಾಗ ಹೊಸ್ತಿಲಲ್ಲಿ ನಿಂತು ಸೆರಗು ಝಾಡಿಸಿ ತೋರಿಸಿ ಹೋಗಬೇಕು. ವಾಡೆಯ ಪದ್ಧತಿ ಅದು. ಅವತ್ತು ಟ್ರಂಕಿನ ಕುಪ್ಪಸದ ಒಂದು ಬೆಳ್ಳಿ ಗುಂಡಿ ಕಡಿಮೆ ಬಂತು. ಸೆರಗಿನಿಂದ ಏನೂ ಬೀಳಲಿಲ್ಲ. ಈಗ ವಾಡೆಯ ಒಡತಿಯಾದ ಯಶೋಧರಾ ಬಾಯಿಸಾಹೇಬರು ಆಗ ಮೂವತ್ತೆರಡು ವರ್ಷದ ಸೊಸೆ. “ತುರಬ ಬಿಚ್ಚು,” ಎಂದರು. ಅಂಗಳದಲ್ಲಿ ಆಳುಗಳು, ಹಾಲು ತಂದವರು, ಅವ್ವನನ್ನು ಕರೆಯಲು ಹೋದ ನಾನು. ಅವ್ವ ತುರುಬು ಬಿಚ್ಚಿದಳು. ತಲೆ ಬಗ್ಗಿಸಿ ಕೂದಲು ಝಾಡಿಸು ಎಂದರು. ಅದನ್ನೂ ಮಾಡಿದಳು. ಗುಂಡಿ ಬೀಳಲಿಲ್ಲ. ಆದರೂ ನಾಳೆಯಿಂದ ಬರಬೇಡ ಎಂದರು.

ಹುನ್ನೂರಿನಲ್ಲಿ ಅವಳಿಗೆ ಗುಂಡಿ ಮುತ್ತವ್ವ ಎಂದು ಹೆಸರು ಬಿತ್ತು. ಆರು ತಿಂಗಳಲ್ಲಿ ನಾವು ಊರು ಬಿಟ್ಟು ಬನಹಟ್ಟಿಗೆ ಬಂದೆವು. ೧೯೯೧ರಲ್ಲಿ ಸಾಯುವ ತನಕ ಅವಳು ಮನೆಯಲ್ಲಿ ಸಹ ಕದ ಹಾಕಿಕೊಂಡೇ ತಲೆ ಬಾಚಿಕೊಳ್ಳುತ್ತಿದ್ದಳು. ಮಗಳಾದ ನನ್ನ ಎದುರಿಗೂ ಬಿಚ್ಚುತ್ತಿರಲಿಲ್ಲ.

ಬರುತ್ತೇನೆ ಎಂದು ಹೇಳಿ ಫೋನಿಟ್ಟೆ.

೮ ಅಕ್ಟೋಬರ್, ಭಾನುವಾರ

ಜಮಖಂಡಿಗೆ ಹೋಗಿ ಅಲ್ಲಿಂದ ಹುನ್ನೂರಿನ ಬಸ್ಸು ಹಿಡಿದೆ. ವಾಡೆಗೆ ಸುಣ್ಣ ಹೊಡೆಯುತ್ತಿದ್ದಾರೆ. ಕುದುರೆ ಕಟ್ಟುತ್ತಿದ್ದಲ್ಲಿ ಈಗ ಪಾಯಖಾನೆ ಸಾಲು, ಬಿಳಿ ಹಂಚು ಹಾಕಿದ್ದಾರೆ.

ಬಾಯಿಸಾಹೇಬರಿಗೆ ಈಗ ಎಪ್ಪತ್ತು. ಬೆತ್ತದ ಕುರ್ಚಿಯಲ್ಲಿ ಕುಳಿತಿದ್ದರು. ಕೆಲಸದವಳನ್ನು ಬಾಯಿ ಬಿಟ್ಟು ಕರೆಯುವುದಿಲ್ಲ, ಉಂಗುರದಿಂದ ಕುರ್ಚಿಯ ಕೈಯ ಮೇಲೆ ಟಕಟಕ ಬಡಿಯುತ್ತಾರೆ. ಆಗಲೂ ಹಾಗೇ ಮಾಡುತ್ತಿದ್ದರು. ಆ ಸದ್ದಿಗೆ ನನ್ನ ಬೆನ್ನು ತಾನಾಗಿ ನೆಟ್ಟಗಾಯಿತು. ನಲವತ್ತೇಳು ವರ್ಷದ ಹೆಂಗಸು ನಾನು. ನನ್ನ ಮೇಲೇ ನನಗೆ ಸಿಟ್ಟು ಬಂತು.

“ಮುತ್ತವ್ವನ ಮಗಳಲ್ಲ ನೀ? ಅಕಿ ಹೊಲಗಿ ಅಂದ್ರ ಹೊಲಗಿ. ಸೂಜಿ ಟಾಂಕಿ ಎಲ್ಲಿ ಹಾಕ್ಯಾಳ ಅಂತ ಹುಡಕೇ ಹುಡಕಬೇಕು.”

“ಹೌದ್ರಿ ಬಾಯಿಸಾಬ್ರ.”

“ಅದಾಳ?”

“ಇಲ್ರಿ. ತೀರಿಕೊಂಡು ಹದಿನೈದ ವರ್ಷಾತು.”

“ಅಯ್ಯ, ಪಾಪ,” ಎಂದರು. ಅಷ್ಟೇ. ಅವರಿಗೆ ಹೊಲಿಗೆ ನೆನಪಿದೆ, ತುರುಬು ನೆನಪಿಲ್ಲ.

ಗೋಡೆಯ ಮೇಲಿನ ಫೋಟೋ ತೋರಿಸಿದರು. ೧೮೯೭ರದು, ಪುಣೆಯಲ್ಲಿ ತೆಗೆದದ್ದು. ಎಲ್ವರ್ತ್ ಎಂಬ ಲಾರ್ಡ್, ಅವನ ಹೆಂಡತಿ, ಒಬ್ಬ ಮಗ, ಇಬ್ಬರು ಹೆಣ್ಣುಮಕ್ಕಳು. ತಮ್ಮ ದೇಶಕ್ಕೆ ಮರಳುವಾಗ ಆ ವೇಷಗಳ ಟ್ರಂಕನ್ನು ಬಾಯಿಸಾಹೇಬರ ಗಂಡನ ಅಜ್ಜನಿಗೆ ಕೊಟ್ಟು ಹೋದರಂತೆ, ಬೇಟೆಯ ಗೆಳೆತನಕ್ಕೆ. ಲಾರ್ಡ್ ಭಿಕ್ಷೆ ಬೇಡುವ ಸನ್ಯಾಸಿಯಾಗಿದ್ದಾನೆ. ಮಗ ಹೊಗೆ ಹೋಗುವ ಚಿಮಣಿ ಗುಡಿಸುವವನು, ಮುಖಕ್ಕೆ ಮಸಿ. ಹೆಂಡತಿ ಕುರಿ ಕಾಯುವವಳು, ರೇಷ್ಮೆಯ ಲಂಗ, ಬೆಳ್ಳಿ ಗುಂಡಿಯ ಕುಪ್ಪಸ, ಕೋಲಿಗೆ ರಿಬ್ಬನ್ನು. ಸಣ್ಣ ಮಗಳದು ಹಿಮದ ವೇಷ, ಮೈತುಂಬ ಬಿಳಿ. ದೊಡ್ಡ ಮಗಳು ರಾತ್ರಿ, ಕರಿ ಅಂಗಿಯ ತುಂಬ ಗಾಜಿನ ಚುಕ್ಕಿ, ತಲೆಯ ಮೇಲೆ ಅರ್ಧಚಂದ್ರ.

ನನ್ನ ಅಂಗಡಿಗೆ ಬರುವ ನೇಕಾರರ ಮಕ್ಕಳು ರಾಜನ ಡ್ರೆಸ್ಸನ್ನೇ ಕೇಳುತ್ತಾರೆ. ಇವರು ನೋಡಿದರೆ ಭಿಕ್ಷುಕ, ಕುರುಬತಿ. ಹೊಟ್ಟೆ ತುಂಬಿದವರಿಗೆ ಬಡತನ ಒಂದು ಸಂಜೆಯ ಅಂಗಿ.

ರಾತ್ರಿಯ ವೇಷ ಬಾಯಿಸಾಹೇಬರೇ ಹಾಕಿಕೊಳ್ಳುತ್ತಾರಂತೆ. ಮ್ಯಾನೇಜರನ ಒತ್ತಾಯ. “ಈ ವಯಸ್ಸಿನಾಗ ನನಗ ಕರೇದ ಒಪ್ಪತೈತಿ,” ಎಂದು ನಕ್ಕರು. ನಾನೂ ನಕ್ಕೆ. ನನಗೆ ನಗುವುದಕ್ಕೆ ಬರುತ್ತದೆ.

೯ ಅಕ್ಟೋಬರ್

ಅವರ ತುರುಬು ಬಿಚ್ಚಬೇಕು. ಹತ್ತು ಜನರ ಎದುರಿಗೆ. ಹೇಗೆಂದು ಗೊತ್ತಿಲ್ಲ, ಆದರೆ ಆಗಬೇಕು.

೧೪ ಅಕ್ಟೋಬರ್, ಶನಿವಾರ

ಟ್ರಂಕು ಅಂಗಡಿಗೆ ಬಂತು. ನಾನೂ ಮಾದೇವಿಯೂ ಸೇರಿ ಒಂದೊಂದೇ ತೆಗೆದು ಹಾಸಿದೆವು. ಮಾದೇವಿ ನನ್ನ ಹತ್ತಿರ ಒಂಬತ್ತು ವರ್ಷದಿಂದ ಇದ್ದಾಳೆ. ಗಂಡ ಪವರ್‌ಲೂಮಿನಲ್ಲಿ ದುಡಿಯುತ್ತಾನೆ. ಕೈಹೊಲಿಗೆಯಲ್ಲಿ ಈಗ ಅವಳು ನನಗಿಂತ ಒಂದು ಕೈ ಮೇಲು, ಇದನ್ನು ಅವಳಿಗೆ ಹೇಳಿಲ್ಲ. ಮಧ್ಯಾಹ್ನ ಇಬ್ಬರೂ ಬುತ್ತಿ ಬಿಚ್ಚಿ ಹಂಚಿಕೊಂಡು ಉಣ್ಣುತ್ತೇವೆ. ಅವಳ ರೊಟ್ಟಿ, ನನ್ನ ಪಲ್ಯ.

ಕುರುಬತಿಯ ರೇಷ್ಮೆ ಲಂಗ ಎತ್ತಿ ಹಿಡಿದು, “ಅಕ್ಕಾರ, ಇದನ್ನ ಹಾಕ್ಕೊಂಡು ಹ್ವಾದ್ರ ಕುರಿನ ಹೆದರಿ ಓಡತಾವ್ರಿ,” ಎಂದಳು. ಇಬ್ಬರೂ ಬಿದ್ದು ಬಿದ್ದು ನಕ್ಕೆವು. ಬಹಳ ದಿನಕ್ಕೆ ಹಾಗೆ ನಕ್ಕದ್ದು.

ಕುಪ್ಪಸದ ಬೆಳ್ಳಿ ಗುಂಡಿಗಳನ್ನು ಬಾಯಿಸಾಹೇಬರು ಬಿಚ್ಚಿ ತಮ್ಮ ಬಳಿಯೇ ಇಟ್ಟುಕೊಂಡಿದ್ದಾರೆ. ಕರಿ ಅಂಗಿ ಮುಟ್ಟಿದರೆ ಹರಿಯುತ್ತದೆ. ಗಾಜಿನ ಚುಕ್ಕಿಗಳನ್ನು ಮಾತ್ರ ತೆಗೆದು ಹೊಸ ಅಂಗಿಗೆ ಹಚ್ಚಬೇಕು. ನಲವತ್ತೊಂದು ಇವೆ. ಎರಡು ಸಲ ಎಣಿಸಿದೆ.

೨೮ ಅಕ್ಟೋಬರ್, ಶನಿವಾರ

ದೀಪಾವಳಿಯ ಬಾಡಿಗೆ ಗದ್ದಲದಲ್ಲಿ ಇದರ ಕಡೆ ನೋಡಲು ಆಗಿರಲಿಲ್ಲ. ಇವತ್ತು ಅಳತೆ ನೋಡಲು ವಾಡೆಗೆ ಹೋಗಿದ್ದೆ.

ಅರ್ಧಚಂದ್ರದ ಪಟ್ಟಿ ತಲೆಗೆ ಕೂರಿಸಬೇಕಿತ್ತು. ಬಾಯಿಸಾಹೇಬರು ಕದ ಮುಂದೆ ಮಾಡಿಸಿ, ಚಿಲಕ ಹಾಕಿಸಿ, ತಾವೇ ಪಿನ್ನು ತೆಗೆದರು. ತುರುಬು ಪೂರ್ತಿ ಕೈಗೆ ಬಂತು. ಚವರಿ. ಪೂರಾ ಸುಳ್ಳು ಕೂದಲು. ಒಳಗೆ ನೆತ್ತಿ ಕಾಣುತ್ತದೆ, ಬೆರಳು ದಪ್ಪದ ಒಂದು ಜುಟ್ಟು, ಅದೂ ಬೆಳ್ಳಗೆ.

“ಮೂರು ವರ್ಷಾತು, ಔಷಧದಿಂದ ಉದುರಿದವು. ಇದನ್ನ ಯಾರಿಗೂ ತೋರಿಸಿಲ್ಲ. ನಮ್ಮ ಸೊಸಿಗೂ. ನೀ ಮುತ್ತವ್ವನ ಮಗಳು ಅಂತ ತೋರಿಸೀನಿ. ಹೊರಗ ಮಾತು ಹೋಗಬಾರದು.”

“ಹೋಗೂದಿಲ್ರಿ,” ಎಂದೆ. ಮಾತಲ್ಲಿ ಹೋಗುವುದಿಲ್ಲ, ಖರೆ.

ಹೊರಗೆ ಬಂದ ಮೇಲೆ ಅರುಣ ಕಾರ್ಯಕ್ರಮದ ಪಟ್ಟಿ ತೋರಿಸಿದ. ಬಾಲ್ ಸಂಜೆ ನಾಲ್ಕಕ್ಕೆ ಶುರು. ಆರು ಗಂಟೆಗೆ ಗಂಟೆ ಬಾರಿಸುತ್ತಾರೆ. ಆಗ ಎಲ್ಲರೂ ಒಟ್ಟಿಗೆ ಮುಖವಾಡ, ಟೊಪ್ಪಿಗೆ, ಕಿರೀಟ ತೆಗೆದು ತಾವು ಯಾರೆಂದು ತೋರಿಸಬೇಕು. ಆ ಕಾಲದ ಇಂಗ್ಲಿಷರ ಪದ್ಧತಿ ಅದಂತೆ. “ಅದ ಮೇನ್ ಐಟಂ ನೋಡ್ರಿ ಅಕ್ಕಾ. ಫೋಟೋದವ್ರು, ಪೇಪರಿನವ್ರು ಎಲ್ಲಾ ಇರ್ತಾರ,” ಎಂದ.

ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತ್ತು. ದಾರಿಯುದ್ದಕ್ಕೂ ಕಬ್ಬು ಕಡಿಯುತ್ತಿದ್ದರು. ಬನಹಟ್ಟಿ ಬರುವುದರೊಳಗೆ ನನಗೆ ಎಲ್ಲವೂ ಹೊಳೆದಿತ್ತು. ಕರಿ ಮುಖವಾಡವನ್ನು ಚಂದ್ರನ ಪಟ್ಟಿಗೆ ಹೊಲಿಯುವುದು. ಪಟ್ಟಿಯನ್ನು ಚವರಿಗೆ ಹೊಲಿಯುವುದು, ಮೇಣ ಉಜ್ಜಿದ ದಾರದಿಂದ, ಎಳೆದರೂ ಬಿಡಬಾರದು. ಚವರಿಯನ್ನು ತಲೆಗೆ ಕಟ್ಟುವಾಗ ಮಾತ್ರ ನುಣುಪು ರೇಷ್ಮೆಯ ಸಡಿಲ ಗಂಟು. ಗಂಟೆ ಬಾರಿಸಿದಾಗ ಮುಖವಾಡ ತೆಗೆಯಲು ಅವರು ತಮ್ಮ ಕೈಯಿಂದಲೇ ಎತ್ತುತ್ತಾರೆ, ಚವರಿಯೂ ಜೊತೆಗೆ ಬರುತ್ತದೆ. ನಮ್ಮವ್ವನೂ ತನ್ನ ಕೈಯಿಂದಲೇ ಬಿಚ್ಚಿದ್ದಳು.

ರಾತ್ರಿ ಎರಡು ರೊಟ್ಟಿ ಹೆಚ್ಚು ಉಂಡೆ.

೨ ನವೆಂಬರ್, ಗುರುವಾರ

ಚುಕ್ಕಿಗಳನ್ನು ಬಿಚ್ಚುವ ಕೆಲಸ ಶುರುವಾಯಿತು. ವಾಡೆಯ ಸಾಮಾನು. ಒಂದು ಹೆಚ್ಚುಕಡಿಮೆಯಾದರೆ ಆ ಹೆಂಗಸು ಗುಂಡಿ ಮುತ್ತವ್ವನ ಮಗಳು ಎನ್ನಲು ಕಾಯುತ್ತಿರುತ್ತಾಳೆ. ಅದಕ್ಕೆ ಸಂಜೆ ಹೊರಡುವಾಗ ಸೆರಗು ಒಂದು ಸಲ ಝಾಡಿಸಿ ಹೋಗು ಎಂದು ಮಾದೇವಿಗೆ ಹೇಳಿದೆ. ಚುಕ್ಕಿ ಸಣ್ಣವು, ನೂಲಿಗೆ ಸಿಕ್ಕಿಕೊಂಡು ಗೊತ್ತಿಲ್ಲದೆ ಹೋಗಿಬಿಡುತ್ತವೆ, ಅನುಮಾನದ ಮಾತಲ್ಲ ಎಂದು ಬಿಡಿಸಿಯೂ ಹೇಳಿದೆ. ನಾನೂ ಝಾಡಿಸುತ್ತೇನೆ ಎಂದೆ.

“ಹೂಂನ್ರಿ,” ಎಂದಳು. ಝಾಡಿಸಿ ಹೋದಳು. ಅವಳಿಗೇನೂ ಅನ್ನಿಸಿದಂತೆ ಕಾಣಲಿಲ್ಲ.

೭ ನವೆಂಬರ್

ಎರಡು ದಿನದಿಂದ ಕರೆಂಟು ಸರಿಯಾಗಿಲ್ಲ. ಮಗ್ಗಗಳು ನಿಂತು ಇಡೀ ಓಣಿ ಕಿವುಡಾದಂತಿದೆ. ಕೈಹೊಲಿಗೆ ಮಾಡಿದೆವು. ನಾನು ಝಾಡಿಸುವುದನ್ನು ಬಿಟ್ಟಿದ್ದೇನೆ. ಅಂಗಡಿಯ ಮೇಲೆಯೇ ಮನೆ, ನಾನು ಎಲ್ಲಿಗೆ ಹೋಗುವವಳು?

೧೮ ನವೆಂಬರ್, ಶನಿವಾರ

ಇದನ್ನು ಬರೆಯುವಾಗ ಪೆನ್ನು ಕಾಗದ ಹರಿಯುತ್ತಿದೆ.

ಎರಡನೇ ಸಲ ಅಳತೆಗೆ ಹೋಗಿದ್ದೆ. ಕುರುಬತಿಯ ವೇಷ ಅವರ ಸೊಸೆಗೆ. ಬಾಯಿಸಾಹೇಬರು ಗುಂಡಿಗಳ ಡಬ್ಬಿ ತರಿಸಿ ನನ್ನ ಅಂಗೈಗೆ ಸುರಿದರು. ಹನ್ನೆರಡು. ನಾನು ಎಣಿಸಿದ್ದನ್ನು ಅವರು ನೋಡಿದರು.

“ಹಾಂ, ಪೂರಾ ಅದಾವ. ಒಂದು ಕಳದಿತ್ತಲ್ಲ, ನಿಮ್ಮವ್ವ ಇದ್ದಾಗ. ಅದು ಮುಂದಿನ ವರ್ಷದ ದಸರಿಗೆ ಸಿಕ್ತು. ಟ್ರಂಕಿನ ತಳಕ್ಕ ಪೇಪರ ಹಾಸಿದ್ವಿ, ಅದರ ಕೆಳಗ ಹೋಗಿ ಕುಂತಿತ್ತು.”

ಮಳೆ ಬಂತು, ನಿಂತಿತು ಎನ್ನುವ ಧಾಟಿಯಲ್ಲಿ ಹೇಳಿದರು.

“ಸಿಕ್ತ್ರಿ?” ಎಂದೆ.

“ಹೇಳಿ ಕಳಿಸಬೇಕಂತ ಇದ್ದೆ. ಮನ್ಯಾಗ ಲಗ್ನದ ಗದ್ದಲಿತ್ತು ಆ ವರ್ಷ. ಹಂಗ ಉಳೀತು.” ಆಮೇಲೆ ಉಂಗುರ ಬಡಿದು ನನಗೆ ಚಹಾ ತರಿಸಿದರು.

ಹಂಗ ಉಳೀತು. ಇಪ್ಪತ್ತೆರಡು ವರ್ಷ ನಮ್ಮವ್ವ ಕದ ಹಾಕಿಕೊಂಡು ತಲೆ ಬಾಚಿಕೊಂಡಳಲ್ಲ, ಅದು ಹಂಗ ಉಳಿದದ್ದು. ಹುನ್ನೂರಿನಿಂದ ಬನಹಟ್ಟಿ ಎಷ್ಟು ದೂರ? ಒಂದು ಆಳು ಸೈಕಲ್ ಹತ್ತಿ ಬಂದಿದ್ದರೆ ಮುಗಿಯುತ್ತಿತ್ತು. ಅವ್ವ ಸಾಯುವ ಮುಂಚಿನ ವಾರ ನನ್ನ ಕೈ ಹಿಡಿದು, “ಶೇವಂತಿ, ನಾ ಆ ಗುಂಡಿ ತಗೊಂಡಿದ್ದಿಲ್ಲವಾ,” ಎಂದಿದ್ದಳು. ಗೊತ್ತೈತಿ ಅವ್ವ ಎಂದಿದ್ದೆ. ಗೊತ್ತಿರಲಿಲ್ಲ. ನಂಬಿದ್ದೆ, ಅಷ್ಟೇ. ಗೊತ್ತಿದ್ದವರು ವಾಡೆಯಲ್ಲಿ ಕುಳಿತು ಚಹಾ ಕುಡಿಯುತ್ತಿದ್ದರು.

ಚಹಾ ಕುಡಿದೇ ಬಂದೆ. ಅದಕ್ಕೆ ಇನ್ನೂ ಉರಿಯುತ್ತಿದೆ.

೧೯ ನವೆಂಬರ್

ನಿದ್ದೆ ಬರಲಿಲ್ಲ. ಸಡಿಲ ಗಂಟನ್ನು ಹೇಗೆ ಹಾಕುವುದೆಂದು ಕಾವಲಿಯ ಹಿಡಿಗೆ ಕಟ್ಟಿ ಕಟ್ಟಿ ನೋಡಿದೆ.

೨೯ ನವೆಂಬರ್, ಬುಧವಾರ

ಕರಿ ಅಂಗಿ ಅರ್ಧ ಮುಗಿಯಿತು. ಇಷ್ಟು ಒಳ್ಳೆಯ ಕೆಲಸ ನಾನು ಜನ್ಮದಲ್ಲಿ ಮಾಡಿಲ್ಲ. ಅಂಗಿ ಬೆರಗಾಗುವಂತಿರಬೇಕು. ಎಲ್ಲರ ಕಣ್ಣು ಅವರ ಮೇಲೆಯೇ ನೆಟ್ಟಿರಬೇಕು, ಆ ಹೊತ್ತಿಗೆ ಚಂದ್ರ ಬೀಳಬೇಕು.

ಮಾದೇವಿ ಈಗ ಮಧ್ಯಾಹ್ನ ಮನೆಗೆ ಹೋಗಿ ಉಂಡು ಬರುತ್ತಾಳೆ. ಮುಕ್ಕಾಲು ಗಂಟೆ ವ್ಯರ್ಥ. ಯಾಕೆಂದು ಕೇಳಿದರೆ, “ಹಂಗ ಸುಮ್ನರಿ,” ಎನ್ನುತ್ತಾಳೆ. ಮಾತೂ ಕಡಿಮೆಯಾಗಿದೆ. ಒಳ್ಳೆಯದೇ, ಕೆಲಸ ಸಾಗುತ್ತದೆ. ನನಗೂ ಹೆಸರು ಹಿಡಿದು ಕೂಗಿ ಕೂಗಿ ಗಂಟಲು ಹೋಗಿತ್ತು. ಈಗ ಕತ್ತರಿಯಿಂದ ಮೇಜಿನ ಮೇಲೆ ಟಕಟಕ ಎನ್ನಿಸಿದರೆ ಎದ್ದು ಬರುತ್ತಾಳೆ.

೯ ಡಿಸೆಂಬರ್, ಶನಿವಾರ

ಒಂದು ಚುಕ್ಕಿ ಇಲ್ಲ.

ಸಂಜೆ ಎಣಿಸಿದರೆ ನಲವತ್ತು. ಬೆಳಗ್ಗೆ ನಲವತ್ತೊಂದಿತ್ತು, ನಾನೇ ಎಣಿಸಿದ್ದೆ. ನೆಲ ಗುಡಿಸಿ, ಮಿಷನ್ನು ಸರಿಸಿ, ಚಾಪೆ ಕೊಡವಿ ನೋಡಿದೆವು. ಇಲ್ಲ. ಅಂಗಡಿಗೆ ಇವತ್ತು ಯಾರೂ ಬಂದಿಲ್ಲ. ನಾನು, ಮಾದೇವಿ, ಇಬ್ಬರೇ. ಎಲ್ಲ ಹೊಂದಿ ಬಂದ ಹೊತ್ತಿನಲ್ಲಿ ಆ ಹೆಂಗಸಿನ ಮುಂದೆ ನಿಂತು ಒಂದು ಕಡಿಮೆ ಇದೆ ಎನ್ನಬೇಕಲ್ಲ. ತಾಯಿಯಂತೆ ಮಗಳು ಎನ್ನುತ್ತಾರೆ. ಅದೊಂದು ಆಗಬಾರದು.

ಮಾದೇವಿ ಸೆರಗು ಝಾಡಿಸಿದಳು. ಏನೂ ಇಲ್ಲ. ಅವಳ ತುರುಬಿನಲ್ಲಿ ಯಾವಾಗಲೂ ಸೂಜಿ ಸಿಕ್ಕಿಸಿಕೊಳ್ಳುತ್ತಾಳೆ, ಕೈ ಅಲ್ಲಿಗೆ ಹೋಗಿ ಬಂದು ಮಾಡುತ್ತಿರುತ್ತದೆ. ಚುಕ್ಕಿ ಅಲ್ಲಿ ಸಿಕ್ಕಿಕೊಂಡಿರಬಹುದು ಎನ್ನಿಸಿತು. ಬಿಚ್ಚಿ ನೋಡು ಎಂದೆ. ಬೀದಿ ಬಾಗಿಲು ಹಾಕಿ, ಒಳಗಿನ ಕೋಣೆಗೆ ಕರೆದುಕೊಂಡು ಹೋಗಿಯೇ ಹೇಳಿದ್ದು. ಎಲ್ಲರ ಎದುರಿಗೇನೂ ಅಲ್ಲ.

ಅವಳು ನನ್ನ ಮುಖ ನೋಡಿದಳು. ಆಮೇಲೆ ಬಿಚ್ಚಿದಳು. ಎರಡು ಸೂಜಿ ಬಿದ್ದವು.

“ಬಗ್ಗಿಸಿ ಝಾಡಸ್ಲೇನ್ರಿ?” ಎಂದು ಅವಳೇ ಕೇಳಿದಳು. ನಮ್ಮವ್ವನ ಕತೆ ಅವಳಿಗೆ ಗೊತ್ತು, ನಾನೇ ಒಮ್ಮೆ ಹೇಳಿದ್ದೆ. ಬೇಡ ಎಂದೆ. ಬೇಡ ಎಂದೆನಲ್ಲ, ಅದೂ ಲೆಕ್ಕಕ್ಕೆ ಬರಬೇಕು.

ಸೂಜಿಗಳನ್ನು ಎತ್ತಿ ಡಬ್ಬಿಗೆ ಹಾಕಿ, ತಲೆ ಕಟ್ಟಿಕೊಂಡು ಹೋದಳು.

೧೧ ಡಿಸೆಂಬರ್

ಮಾದೇವಿ ಬರಲಿಲ್ಲ. ಹೇಳಿಯೂ ಕಳಿಸಿಲ್ಲ. ಇಂಥ ಹೊತ್ತಿನಲ್ಲೇ ಕೈ ಕೊಡಬೇಕೇ?

೧೪ ಡಿಸೆಂಬರ್, ಗುರುವಾರ

ಚುಕ್ಕಿ ಸಿಕ್ಕಿತು.

ದಾರಕ್ಕೆ ಉಜ್ಜುವ ಮೇಣದ ಉಂಡೆಯಲ್ಲಿ. ಒಂಬತ್ತನೇ ತಾರೀಕು ಮಧ್ಯಾಹ್ನ ಬಿಸಿಲಿಗೆ ಮೇಣ ಮೆತ್ತಗಾಗಿತ್ತು, ನಾನು ಅದನ್ನು ಮೇಜಿನ ಮೇಲೆ ಒತ್ತಿ ಇಟ್ಟಿದ್ದೆ. ಕೆಳಗಿದ್ದ ಚುಕ್ಕಿ ಮೇಣದೊಳಗೆ ಹೂತುಹೋಗಿ, ಮೇಲೆ ಕರಿ ನೂಲಿನ ಎಳೆ ಅಂಟಿ ಕಾಣದಂತಾಗಿದೆ. ಇವತ್ತು ಉಂಡೆ ತಿರುಗಿಸಿ ಉಜ್ಜುವಾಗ ಬೆರಳಿಗೆ ಚುಚ್ಚಿತು.

ನಮ್ಮ ಮನೆಯವರು ಅಲ್ಲೇ ಕುಳಿತು ಶಾಲೆಯ ಪೇಪರು ತಿದ್ದುತ್ತಿದ್ದರು. ಅವರು ಮಾಸ್ತರು, ಎಲ್ಲದಕ್ಕೂ ತಕ್ಷಣ ಉತ್ತರ ಬೇಕು.

“ಈಗಿಂದೀಗ ಮಾದೇವಿ ಮನಿಗೆ ಹೋಗಿ ಹೇಳಿ ಬಾ.”

“ಕೈಯಾಗ ಕೆಲಸ ಐತ್ರಿ. ಹತ್ತ ದಿನಾ ಉಳದಾವ. ಇದೊಂದು ಮುಗೀಲಿ, ಸಮಾಧಾನದಲೆ ಹೋಗಿ ಹೇಳತೇನಿ.”

ಅವರು ಪೇಪರು ಮಡಿಚಿಟ್ಟರು. ಚಪ್ಪಲಿ ಮೆಟ್ಟಿ ಹೊರಗೆ ಹೋದರು.

ಹೇಳಬೇಕು. ಹೇಳುವುದಿಲ್ಲ ಎಂದೇನಲ್ಲ. ಆದರೆ ಈ ಗದ್ದಲದಲ್ಲಿ ಹೋದರೆ ಅರ್ಧಂಬರ್ಧ ಮಾತಾಗುತ್ತದೆ. ಬಾಲ್ ಮುಗಿಯಲಿ.

೨೦ ಡಿಸೆಂಬರ್

ಒಬ್ಬಳೇ ಎಲ್ಲ ಮುಗಿಸಿದೆ. ಚುಕ್ಕಿ ನಲವತ್ತೊಂದು. ಚಂದ್ರನ ಪಟ್ಟಿಯನ್ನು ಚವರಿಗೆ ಹೊಲಿದದ್ದು ಇವತ್ತು. ಚಂದ್ರನನ್ನು ಕೂರಿಸಲೆಂದು ಬಾಯಿಸಾಹೇಬರು ನಂಬಿ ಚವರಿಯನ್ನು ಡಬ್ಬಿಯಲ್ಲಿಟ್ಟು ಕಳಿಸಿದ್ದರು. ಮೂರೆಳೆ ದಾರ, ಮೇಣ ಹಚ್ಚಿ, ಅರವತ್ತು ಟಾಂಕಿ. ಎರಡೂ ಕೈಯಿಂದ ಎಳೆದು ನೋಡಿದೆ, ಜಪ್ಪಯ್ಯ ಎನ್ನಲಿಲ್ಲ. ಅವ್ವ ಇದ್ದಿದ್ದರೆ ತೋರಿಸುತ್ತಿದ್ದೆ.

೨೫ ಡಿಸೆಂಬರ್, ಸೋಮವಾರ

ನಿನ್ನೆಯದನ್ನು ಇವತ್ತು ಬರೆಯುತ್ತಿದ್ದೇನೆ.

ಪುಣೆ, ಬೆಳಗಾವಿ, ಬೆಂಗಳೂರಿನಿಂದ ಬಂದಿದ್ದರು. ಅಂಗಳದ ತುಂಬ ರಾಜರು, ಕಳ್ಳರು, ಗರುಡಗಳು. ವಾಡೆಯ ಮಗ ಭಿಕ್ಷುಕನ ವೇಷದಲ್ಲಿ ಬಟ್ಟಲು ಹಿಡಿದು ತಿರುಗುತ್ತಿದ್ದ, ಎಲ್ಲರೂ ನೋಟು ಹಾಕುತ್ತಿದ್ದರು. ನಾನು ಮೂರು ಗಂಟೆಗೆ ಬಾಯಿಸಾಹೇಬರ ಕೋಣೆಗೆ ಹೋಗಿ, ಅಂಗಿ ತೊಡಿಸಿ, ಚವರಿ ಕಟ್ಟಿದೆ. ರೇಷ್ಮೆಯ ಸಡಿಲ ಗಂಟು. ಕನ್ನಡಿಯಲ್ಲಿ ಆ ಕಡೆ ಈ ಕಡೆ ತಿರುಗಿ ನೋಡಿಕೊಂಡರು.

“ಛಲೋ ಮಾಡೀ,” ಎಂದರು.

ಆರು ಗಂಟೆಗೆ ಗಂಟೆ ಹೊಡೆಯಿತು. ಅವರು ಮೆಟ್ಟಿಲ ಮೇಲೆ ನಡುವೆ ನಿಂತಿದ್ದರು, ಅದೇ ಹೊಸ್ತಿಲ ಮುಂದೆ. ನಾನು ಕೆಳಗೆ ತುಳಸಿಕಟ್ಟೆಯ ಪಕ್ಕ ಇದ್ದೆ. ಎಲ್ಲರೂ ಮುಖವಾಡ ತೆಗೆದರು. ಅವರು ಎರಡೂ ಕೈಯಿಂದ ಚಂದ್ರನನ್ನು ಎತ್ತಿದರು. ಎಲ್ಲವೂ ಬಂತು. ನಾನು ಹೊಲಿದಂತೆಯೇ ಬಂತು. ಬರಿ ನೆತ್ತಿಯ ಮೇಲೆ ದೀಪದ ಬೆಳಕು ಬಿತ್ತು.

ಅಂಗಳ ಸ್ತಬ್ಧವಾಯಿತು. ಅವರ ಸೊಸೆ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ಮೂವತ್ತೆಂಟು ವರ್ಷ ನಾನು ಕಾದದ್ದು ಇದಕ್ಕೆ, ಈ ಸದ್ದಿಲ್ಲದ ಅಂಗಳಕ್ಕೆ. ಬಾಯಿಸಾಹೇಬರು ತಲೆ ಮುಟ್ಟಿ ನೋಡಿಕೊಂಡರು. ಕೈಯಲ್ಲಿದ್ದುದನ್ನು ನೋಡಿದರು. ಆಮೇಲೆ ಚಂದ್ರ, ಕೂದಲು ಎಲ್ಲವನ್ನೂ ಇನ್ನಷ್ಟು ಮೇಲೆತ್ತಿ ಹಿಡಿದು, “ರಾತ್ರಿ ಮುಗೀತು. ಬೆಳಗಾತ್ರಿ,” ಎಂದರು.

ಚಪ್ಪಾಳೆ. ಸಿಳ್ಳೆ. ಅದೂ ವೇಷದ ಒಂದು ಭಾಗವೆಂದೇ ತಿಳಿದರು. ಅರುಣ ಓಡಿ ಬಂದು ಕಾಲು ಮುಟ್ಟಿದ. ಫೋಟೋ ಮೇಲೆ ಫೋಟೋ. ಒಬ್ಬ ಹೆಂಗಸು ಅತ್ತಳು ಸಹ. ನಮ್ಮವ್ವ ತುರುಬು ಬಿಚ್ಚಿದಾಗ ಯಾರೂ ಚಪ್ಪಾಳೆ ತಟ್ಟಿರಲಿಲ್ಲ. ಇವರ ಮಾನವನ್ನು ಕಳೆಯುವುದಕ್ಕೂ ಬರುವುದಿಲ್ಲ, ಅದೂ ಇವರ ಆಟದ ಸಾಮಾನೇ.

ಏಳಕ್ಕೆ ನನ್ನನ್ನು ಒಳಗೆ ಕರೆಸಿದರು. ತಲೆಗೆ ಶಾಲು ಹೊದ್ದು ಕುಳಿತಿದ್ದರು. ಚವರಿ ತೊಡೆಯ ಮೇಲಿತ್ತು. ಹೊಲಿಗೆಯ ಮೇಲೆ ಬೆರಳಾಡಿಸುತ್ತಿದ್ದರು.

“ಮೇಣಾ ಹಚ್ಚಿದ ದಾರ. ಇದು ತಾನಾಗಿ ಬಿದ್ದಿದ್ದಲ್ಲ.”

“ಅಲ್ರಿ. ಬೀಳಲಿ ಅಂತನ ಹೊಲದೀನ್ರಿ,” ಎಂದೆ. ಹೇಳಿಬಿಟ್ಟೆ. ಹೇಳದಿದ್ದರೆ ಇಷ್ಟೆಲ್ಲ ಮಾಡಿದ್ದು ಯಾಕೆ?

ಅವರಿಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು.

“ಗುಂಡಿ ಸಿಕ್ಕ ಮ್ಯಾಲೂ ಯಾಕ ಹೇಳಿ ಕಳಿಸಲಿಲ್ರಿ ಬಾಯಿಸಾಬ್ರ? ಲಗ್ನದ ಗದ್ದಲ ಅನಬ್ಯಾಡ್ರಿ.”

ಚವರಿಯನ್ನು ಪಕ್ಕಕ್ಕಿಟ್ಟು ಹೇಳಿದರು. “ಮೊದಲನೇ ದಿನ ನಾಳೆ ಕಳಸೂನು ಅಂದೆ. ಎರಡನೇ ದಿನ, ನಿನ್ನೆ ಯಾಕ ಕಳಸಲಿಲ್ಲ ಅಂತ ಕೇಳಿದ್ರ ಏನ ಹೇಳ್ಲಿ ಅನಸ್ತು. ವಾರ ಆದಮ್ಯಾಲೆ ಇನ್ನಾ ಕಠಿಣಾತು. ವರ್ಷ ಆದಮ್ಯಾಲೆ, ಈಗ ಹೇಳಿ ಏನ ಉಪಯೋಗ ಅಂದೆ.”

ಇದೂ ಒಂದು ಕಾರಣವೇ? ಎಪ್ಪತ್ತು ವರ್ಷದ ಹೆಂಗಸು, ನಾಚಿಕೆ ಇಲ್ಲದೆ ನನ್ನ ಎದುರಿಗೆ ಕುಳಿತು ಇದನ್ನು ಹೇಳುತ್ತಾಳೆ. ಕಾಲಿದ್ದವರು ನಡೆದು ಹೋಗಿ ಎರಡು ಮಾತು ಹೇಳಲಾಗದೇ? ಎದ್ದು ಬಂದೆ.

೨೮ ಡಿಸೆಂಬರ್, ಗುರುವಾರ

ಪೇಪರಿನಲ್ಲಿ ಅವರ ಬರಿ ತಲೆಯ ಫೋಟೋ ಬಂದಿದೆ, ದೊಡ್ಡದಾಗಿ. ಧೈರ್ಯವನ್ನು ಹೊಗಳಿ ಬರೆದಿದ್ದಾರೆ. ಹರಿದು ಒಲೆಗೆ ಹಾಕಿದೆ.

ಹೊಸ ವರ್ಷಕ್ಕೆ ಶಾಲೆಗಳ ವಾರ್ಷಿಕ ಗ್ಯಾದರಿಂಗು ಶುರುವಾಗುತ್ತದೆ, ಒಬ್ಬಳ ಕೈಯಲ್ಲಿ ಆಗುವುದಿಲ್ಲ. ಸಂಜೆ ಮಾದೇವಿಯ ಮನೆಗೆ ಹೋದೆ. ಜಗುಲಿಯ ಮೇಲೆ ಕುಳಿತು ಯಾರದೋ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುತ್ತಿದ್ದಳು. ಕೂಲಿ ಕೆಲಸ. ಆ ಕೈಹೊಲಿಗೆ ಬಿಟ್ಟು ಇದನ್ನು ಮಾಡುತ್ತಿದ್ದಾಳೆ. ಕೂಡ್ರಿ ಎಂದು ಚಾಪೆ ಹಾಸಿದಳು. ನಾನು ಕೂಡಲಿಲ್ಲ.

“ಚುಕ್ಕಿ ಸಿಕ್ತು ಮಾದೇವಿ. ಮೇಣದ ಉಂಡ್ಯಾಗ ಹೋಗಿ ಕುಂತಿತ್ತು.”

“ಹೌದ್ರಿ? ಯಾವಾಗ ಸಿಕ್ತ್ರಿ?”

“ಮೊನ್ನೆ,” ಎಂದೆ.

ಕೈಯಲ್ಲಿದ್ದ ಕಂಡಿಕೆ ತುಂಬುವವರೆಗೆ ಅವಳು ರಾಟೆ ತಿರುಗಿಸಿದಳು. ಎಳೆ ಹರಿದು, ಬುಟ್ಟಿಗೆ ಹಾಕಿದಳು.

“ಹದಿನಾಲ್ಕನೇ ತಾರೀಕ ಸಂಜಿಕ ಮಾಸ್ತರು ಬಂದು ಹೇಳಿ ಹೋಗ್ಯಾರ್ರಿ ಅಕ್ಕಾರ. ಅಕಿನೂ ಬಂದು ಹೇಳತಾಳ, ತಡಿ ಅಂದಿದ್ರು. ಅವತ್ತಿಂದ ದಾರಿ ನೋಡಾಕತ್ತೇನ್ರಿ.”

“ಬಂದೆನಲ್ಲ ಈಗ.”

“ಬಂದ್ರಿ. ಆದ್ರ ಮೊನ್ನೆ ಅಂದ್ರಿ.”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇನ್ನೊಂದು ಕಂಡಿಕೆ ತೆಗೆದು ಸುತ್ತತೊಡಗಿದಳು. ಸೋಮವಾರದಿಂದ ಬಾ ಎನ್ನಲು ಹೋಗಿದ್ದವಳು ಹಾಗೆಯೇ ತಿರುಗಿ ಬಂದೆ.

ಮನೆಯವರ ಜೊತೆ ಜಗಳವಾಡಿದೆ. ನನ್ನನ್ನು ಕೇಳದೆ ಯಾಕೆ ಹೋಗಿ ಹೇಳಿದಿರಿ ಎಂದೆ. ಅವರು ಉಣ್ಣುತ್ತಲೇ ಇದ್ದರು. ಹದಿನಾಲ್ಕು ದಿನವೆಲ್ಲಿ, ಮೂವತ್ತೇಳು ವರ್ಷವೆಲ್ಲಿ. ಎರಡೂ ಒಂದೇ ಎಂದು ಯಾರೂ ಅಂದಿಲ್ಲ. ಆದರೂ ಇದೇ ಸಾಲನ್ನು ನಾಲ್ಕು ಸಲ ಬರೆದು ಹೊಡೆದು ಹಾಕಿದ್ದೇನೆ.

ಮೊನ್ನೆ ಅಲ್ಲ, ಹದಿನಾಲ್ಕಕ್ಕೇ ಸಿಕ್ಕಿತ್ತು, ತಪ್ಪಾಯಿತು ಎಂದು ಹೋಗಿ ಹೇಳಿ ಬರಬೇಕು. ಅಷ್ಟೇ ಮಾತು. ನಾಳೆ ಬೆಳಿಗ್ಗೆಯೇ ಹೋಗುತ್ತಿದ್ದೆ, ಆದರೆ ಮಹಾಲಿಂಗಪುರದ ಶಾಲೆಯವರು ಅಳತೆ ಕೊಡಲು ಬರುತ್ತಾರೆ. ಶನಿವಾರ ಹೋದರಾಯಿತು.